ಅಣ್ಣೆರ್ ಪಾಸು ಮಾಡಿದ ಬಂದೂಕು

ಅಣ್ಣೆರ್ ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ಮುಲ್ಕಿಯ ಹತ್ತಿರದ ಅವರ ಮನೆಗೆ ನಾನು ಹೋಗುವಷ್ಟರಲ್ಲಿ ಬೊಜ್ಜದ ಉತ್ತರಕ್ರಿಯೆ, ಊಟ, ನೆಂಟರು ಎಲ್ಲ ಮುಗಿದಿತ್ತು. ಅವರ ಹೆಂಡತಿಯನ್ನು ನಾನು ಮೊದಲಿನಿಂದಲೂ ಅಕ್ಕ ಎಂದೇ ಕರೆಯುವುದು. ಅಕ್ಕ ನನ್ನನ್ನು ಜಗಲಿಯಲ್ಲಿ ಕೂರಿಸಿ, ಸ್ವಲ್ಪ ಹೊತ್ತು ಸೆರಗಿನಿಂದ ಕಣ್ಣೊರೆಸಿಕೊಂಡು, ಆಮೇಲೆ ಕೇಳಿದ ಮೊದಲ ಮಾತು, “ಕುರ್ಚಿ ಸರಿ ಉಂಟಾ? ಅವರು ತಂದದ್ದು. ಊರಲ್ಲಿದ್ದ ಅಂಗಡಿಗೆಲ್ಲ ಹೋಗಿ, ಎಲ್ಲ ಕುರ್ಚಿಯಲ್ಲೂ ಒಂದೊಂದು ನಿದ್ದೆ ಮಾಡಿ ತಂದದ್ದು.”

ನನಗೆ ನಗು ಬಂತು. ಸಾವಾದ ಮನೆಯಲ್ಲಿ ನಗಬಾರದೆಂದು ಬಾಯಿಗೆ ಕರವಸ್ತ್ರ ಒತ್ತಿಕೊಂಡೆ. ನೋಡಿದರೆ ಅಕ್ಕನೂ ಸೆರಗಿನೊಳಗೆ ನಗುತ್ತಿದ್ದರು.

ತುಳುವಿನಲ್ಲಿ ಅಣ್ಣನನ್ನು ಗೌರವದಿಂದ ಕರೆಯುವ ಮಾತು ಅಣ್ಣೆರ್. ಅವರಿಗೊಂದು ಹೆಸರು ಖಂಡಿತ ಇತ್ತು, ಪಾಸ್‌ಪೋರ್ಟಿನಲ್ಲಿ ನಾನೇ ನೋಡಿದ್ದೇನೆ. ಆದರೆ ಕುವೈತಿನಲ್ಲಿ ಆ ಹೆಸರು ಹಿಡಿದು ಕರೆದವರನ್ನು ಕಾಣೆ. ಅಹ್ಮದಿಯ ಎಣ್ಣೆ ಕಂಪೆನಿಯ ಮನೆಗಳಿಗೆ ನೀರಿನ ಪೈಪು, ಪಂಪು, ನಲ್ಲಿ ಹಾಕಿಕೊಡುವ ಒಂದು ಸಣ್ಣ ಕಂತ್ರಾಟು ಕಂಪೆನಿಯಲ್ಲಿ ಅವರು ಖರೀದಿಯ ಮುಖ್ಯಸ್ಥರು, ಸ್ಟೋರಿನ ಬೀಗವೂ ಅವರದೇ. ನಾನು ಅವರ ಕೈಕೆಳಗಿನ ಟೈಪಿಸ್ಟು. ನಾನು ಬಜ್ಪೆ ಕಡೆಯ ಕ್ರೈಸ್ತ, ಮನೆಮಾತು ಕೊಂಕಣಿ. ನಮ್ಮಿಬ್ಬರ ನಡುವೆ ಓಡುತ್ತಿದ್ದದ್ದು ಮಂಗಳೂರಿನ ಕನ್ನಡ. ಬೈಯುವುದಿದ್ದರೆ ಮಾತ್ರ ಅವರು ತುಳುವಿಗೆ ಇಳಿಯುತ್ತಿದ್ದರು. ಅಬು ಹಲೀಫಾದಲ್ಲಿ ಅವರ ಫ್ಲ್ಯಾಟಿನ ಒಂದು ಕೋಣೆಯಲ್ಲೇ ನಾನು ಬಾಡಿಗೆಗಿದ್ದೆ. ಊಟ ಅಕ್ಕನ ಕೈಯದು. ಹಾಗಾಗಿ ಅಣ್ಣೆರನ್ನು ಆಫೀಸಿನಲ್ಲೂ ನೋಡಿದೆ, ಮನೆಯಲ್ಲೂ ನೋಡಿದೆ. ಎರಡು ಕಡೆಯೂ ಅವರದು ಒಂದೇ ಕೆಲಸ. ಆರಿಸುವುದು.

ಅವರು ಏನನ್ನೂ ಸುಮ್ಮನೆ ಕೊಂಡವರಲ್ಲ. ಫಹಾಹೀಲಿನ ಪೇಟೆಯಲ್ಲಿ ಪ್ರೆಶರ್ ಕುಕ್ಕರು ಕೊಳ್ಳಲು ಹೋದಾಗ ಪ್ಯಾಂಟಿನ ಕಿಸೆಯಲ್ಲಿ ಒಂದು ಹಿಡಿ ಕುಚ್ಚಲಕ್ಕಿ ಕಟ್ಟಿಕೊಂಡು ಹೋಗಿದ್ದರು. “ಬಾಸ್ಮತಿ ಯಾವ ಪಾತ್ರೆಯಲ್ಲೂ ಬೇಯ್ತದೆ. ಇದನ್ನು ಬೇಯಿಸಿ ತೋರಿಸಿ” ಎಂದು ಅಂಗಡಿಯವನ ಮುಂದೆ ಅಕ್ಕಿ ಇಟ್ಟರು. ಅಂಗಡಿಯವ ಒಲೆ ಇಲ್ಲ ಎಂದ. ಮುಂದಿನ ಶುಕ್ರವಾರ ಅಣ್ಣೆರ್ ಒಲೆಯನ್ನೂ ಹೊತ್ತುಕೊಂಡು ಹೋದರು. ಚಪ್ಪಲಿ ಕೊಳ್ಳುವಾಗ ಅಂಗಡಿಯಿಂದ ಹೊರಗೆ ಹೋಗಿ ಮರಳಲ್ಲಿ ನಡೆದು ಬಂದು, ಮಾಲೀಕನ ಹತ್ತಿರ ಒಂದು ಜಗಳ. ಅಕ್ಕ ಹೇಳುತ್ತಿದ್ದರು, “ನನ್ನನ್ನು ನೋಡ್ಲಿಕ್ಕೆ ಇವರು ಮೂರು ಸಲ ಬಂದ್ರು. ಮೂರನೇ ಸಲ ನಾನೇ ಒಪ್ಪಿಕೊಂಡೆ. ಇಲ್ಲದಿದ್ರೆ ಈಗಲೂ ನೋಡ್ತಾ ಇರ್ತಿದ್ರು.”

ಕೇಳಿದರೆ ಅಣ್ಣೆರದು ಒಂದೇ ಉತ್ತರ. “ಒಳ್ಳೇದು ಅಂತ ಒಂದು ವಸ್ತು ಇಲ್ಲ ಮಾರಾಯ. ಯಾರಿಗೆ ಒಳ್ಳೇದು ಅಂತ ಮೊದಲು ಕೇಳಬೇಕು.”

ಇಂಥ ಮನುಷ್ಯನ ಕೈಗೆ ತೊಂಬತ್ತನೆಯ ಇಸವಿಯ ಆರಂಭದಲ್ಲಿ ಒಂದು ಬಂದೂಕಿನ ಆಯ್ಕೆ ಬಂತು.

ಬೇಕಾಗಿದ್ದದ್ದು ನಮ್ಮ ಕಫೀಲರಿಗೆ. ಕಫೀಲ್ ಎಂದರೆ ನಮ್ಮನ್ನು ತಮ್ಮ ಜವಾಬ್ದಾರಿಯಲ್ಲಿ ಆ ದೇಶಕ್ಕೆ ಕರೆಸಿಕೊಂಡ ಧಣಿ, ಕಂಪೆನಿಯ ಒಡೆಯರು. ಚಿಕ್ಕಂದಿನಲ್ಲಿ ವ್ಯಾಪಾರಿ ತಂದೆಯ ಜೊತೆ ಬೊಂಬಾಯಿಯಲ್ಲಿ ಬೆಳೆದವರಾದ್ದರಿಂದ ಅವರ ಹಿಂದಿ ನಮ್ಮೆಲ್ಲರ ಹಿಂದಿಗಿಂತ ಚೆನ್ನಾಗಿತ್ತು. ಒಂದು ಬೆಳಿಗ್ಗೆ ಅವರು ಅಣ್ಣೆರನ್ನು ಕೋಣೆಗೆ ಕರೆದು, ಬಾಗಿಲು ಮುಚ್ಚಿಸಿ, “ಬಾಬು, ಮೇರೆ ಕೋ ಲೆಫ್ಟ್ ಹ್ಯಾಂಡ್ ಕಾ ಬಂದೂಕ್ ಮಂಗ್ತಾ” ಎಂದರು. ನಾನು ಸಹಿಗೆ ಕಾಗದ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

ವಿಷಯ ಹೀಗಿತ್ತು. ಕಫೀಲರಿಗೆ ಹುಟ್ಟಿನಿಂದ ಎಡಗೈ ವಾಟ. ಶಾಲೆಯಲ್ಲಿ ಮೇಷ್ಟ್ರು ಹೊಡೆದು ಬಲಗೈಯಲ್ಲಿ ಬರೆಯಲು ಕಲಿಸಿದರು, ಮನೆಯಲ್ಲಿ ತಾಯಿ ಬೈದು ಬಲಗೈಯಲ್ಲಿ ಉಣ್ಣಲು ಕಲಿಸಿದರು. ಬಂದೂಕು ಹಿಡಿಯುವುದನ್ನು ಮಾತ್ರ ಯಾರೂ ತಿದ್ದಲಿಲ್ಲ. ಚಳಿಗಾಲಕ್ಕೆ ಮುಂಚೆ ಹಕ್ಕಿಗಳು ಹಿಂಡುಹಿಂಡಾಗಿ ಕುವೈತಿನ ಮೇಲಿಂದ ಹಾದುಹೋಗುವಾಗ ಅವರು ಗೆಳೆಯರ ಜೊತೆ ಮರುಭೂಮಿಗೆ ಬೇಟೆಗೆ ಹೋಗುವುದು ವಾಡಿಕೆ. ಅವರಲ್ಲಿದ್ದದ್ದು ಸೆಮಿ ಆಟೋಮ್ಯಾಟಿಕ್ ಬಂದೂಕು. ಒಂದು ಗುಂಡು ಹಾರಿದೊಡನೆ ಖಾಲಿ ತೋಟಾವನ್ನು ತಾನೇ ಹೊರಗೆ ಎಸೆದು, ಮುಂದಿನದನ್ನು ತಾನೇ ಒಳಗೆಳೆದುಕೊಳ್ಳುವ ಜಾತಿಯದು. ಆದರೆ ಅದು ಬಲಗೈಯವರಿಗಾಗಿ ಮಾಡಿದ್ದು. ಖಾಲಿ ತೋಟಾ ಬಲಬದಿಗೆ ಹಾರುತ್ತದೆ. ಎಡ ಭುಜಕ್ಕೆ ಒತ್ತಿ ಹಿಡಿದವರ ಮುಖ ಇರುವುದೂ ಆ ಬದಿಗೇ. ಬಿಸಿ ತೋಟಾ, ಹೊಗೆ, ಮಸಿ ಎಲ್ಲ ಕಣ್ಣ ಮುಂದೆ ಹಾದುಹೋಗಬೇಕು.

“ಹಕ್ಕಿ ನೋಡಲೋ, ತೋಟಾ ನೋಡಲೋ?” ಎಂದು ಕಫೀಲರು ತಮ್ಮ ಹುಬ್ಬಿನ ಮೇಲಿದ್ದ ಒಂದು ಸಣ್ಣ ಕಲೆ ತೋರಿಸಿದರು. “ಮೂವತ್ತು ವರ್ಷದಿಂದ ನನ್ನ ಗುರಿ ತಪ್ಪುತ್ತಾ ಇದೆ. ಸಂಜೆ ಗೆಳೆಯರೆಲ್ಲ ಸೇರುವ ದಿವಾನಿಯಾದಲ್ಲಿ ಕೂತರೆ ಎಲ್ಲರಿಗೂ ನನ್ನದೇ ತಮಾಷೆ. ಈ ಸಲ ಬಂದೂಕಿನ ಮೇಲೆ ಒಂದು ದೂರೂ ಬಾಕಿ ಉಳಿಯಬಾರದು. ಹಾಗೆ ಆರಿಸು. ಖಲಾಸ್.”

ಅಣ್ಣೆರ್ ಹುಟ್ಟಿದ ಮೇಲೆ ಒಂದು ಗಾಳಿಗೋವಿಯನ್ನೂ ಮುಟ್ಟಿದವರಲ್ಲ. ಮೀನು ಬಿಟ್ಟು ಬೇರೆ ಪ್ರಾಣಿಯ ವಿಷಯದಲ್ಲಿ ಮಹಾ ಪುಕ್ಕಲು. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅವರು ಕನ್ನಡಕ ತೆಗೆದು ಒರೆಸಿ, “ಯಾವಾಗ ಬೇಕು ಸರ್?” ಎಂದರು.

ಆಮೇಲಿನ ಕೆಲವು ವಾರ ಮನೆಯಲ್ಲಿ ನಡೆದದ್ದನ್ನು ಅಕ್ಕ ಕೊನೆಯವರೆಗೂ ಕ್ಷಮಿಸಲಿಲ್ಲ. ಎಡಗೈಯವರ ಕಷ್ಟ ತಿಳಿಯದೆ ಎಡಗೈಯ ವಸ್ತು ಆರಿಸುವುದು ಹೇಗೆ ಎಂದು ಅಣ್ಣೆರ್ ಬಲಗೈ ಬಳಸುವುದನ್ನೇ ನಿಲ್ಲಿಸಿಬಿಟ್ಟರು. ಎಡಗೈಯಲ್ಲಿ ಗಡ್ಡ ಬೋಳಿಸಿಕೊಂಡು ಗಲ್ಲದ ಮೇಲೆ ಹತ್ತಿ ಅಂಟಿಸಿಕೊಂಡು ಆಫೀಸಿಗೆ ಬಂದರು. ಎಡಗೈಯಲ್ಲಿ ಕತ್ತರಿ ಹಿಡಿದರೆ ಕಾಗದ ಕತ್ತರಿಸುವುದಿಲ್ಲ, ಮಡಚಿಕೊಳ್ಳುತ್ತದೆ ಎಂದು ಕಂಡುಹಿಡಿದು, ಆ ಮಡಚಿದ ಕಾಗದವನ್ನು ನನಗೆ ತಂದು ತೋರಿಸಿದರು. “ನೋಡು ಮಾರಾಯ, ಇಡೀ ಲೋಕವನ್ನು ಬಲಗೈಯವರು ಬಲಗೈಯವರಿಗೇ ಅಂತ ಮಾಡಿಟ್ಟಿದ್ದಾರೆ. ನಮಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.”

ಅಲ್ಲಿಗೆ ನಿಲ್ಲಿಸಬಹುದಿತ್ತು. ಒಂದು ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತು ಅವರು ಎಡಗೈಯಲ್ಲಿ ಅನ್ನ ಕಲಸಿದರು. ಅಕ್ಕನ ಕೈಯಿಂದ ಸೌಟು ಬಿತ್ತು.

“ಇದೆಂತ ಅವತಾರ?”

“ಪ್ರಯೋಗ.”

“ಬಂದೂಕು ಅವರಿಗೆ, ಎಡಗೈ ಊಟ ನಮಗೆ! ನಾಳೆ ಅವರು ಬೋಳು ತಲೆಗೆ ಬಾಚಣಿಗೆ ತಾ ಅಂತ ಹೇಳಿದ್ರೆ ನೀವು ತಲೆ ಬೋಳಿಸ್ತೀರಾ?”

ಮೂರನೆಯ ಕ್ಲಾಸಿನ ಮಗಳು ತಟ್ಟೆಯ ಸುತ್ತ ನೋಡಿ, “ಡ್ಯಾಡಿ, ಯು ಆರ್ ಡ್ರಾಪಿಂಗ್ ರೈಸ್ ಎವ್ರಿವೇರ್” ಎಂದಳು. ಅಣ್ಣೆರ್ ಅದೂ ನಿಜವೆಂದು ಒಪ್ಪಿಕೊಂಡು ಮೀನಿನ ಮುಳ್ಳು ಬಿಡಿಸಲು ಹೊರಟರು. ಎಡಗೈಯಲ್ಲಿ ಬಂಗುಡೆಯ ಮುಳ್ಳು ಬಿಡಿಸುವುದು ಸಾಧ್ಯವಿಲ್ಲ ಎಂಬುದು ಆ ದಿನ ಸಾಬೀತಾಯಿತು.

ಬಂದೂಕಿನ ಅಂಗಡಿಗೆ ಕಫೀಲರು, ಅಣ್ಣೆರ್, ನಾನು ಮೂವರೂ ಹೋದೆವು. ಅಂಗಡಿಯ ಮಾರಾಟಗಾರ ಲೆಬನಾನಿನವನು, ನಯವಾದ ಮನುಷ್ಯ. ಮೊದಲು ತಂದಿಟ್ಟದ್ದು ಬದಿಯಲ್ಲಿ ಚಿನ್ನದ ಬಣ್ಣದ ಬಾತುಕೋಳಿ ಕೆತ್ತಿದ ಬಂದೂಕು. ಕಫೀಲರ ಕಣ್ಣು ಆ ಬಾತುಕೋಳಿಯ ಮೇಲೆ ನಿಂತಿತು.

“ಖಾಲಿ ತೋಟಾ ಯಾವ ಕಡೆ ಹಾರ್ತದೆ?” ಎಂದು ಅಣ್ಣೆರ್ ಕೇಳಿದರು.

“ಬಲಕ್ಕೆ. ಆದರೆ ಇದನ್ನು ಎಡಗೈಯವರೂ ಬಳಸಬಹುದು ಸರ್. ಸೇಫ್ಟಿ ಗುಂಡಿಯನ್ನು ತಿರುಗಿಸಿ ಹಾಕಿಕೊಡುತ್ತೇವೆ. ಮರದ ಹಿಡಿಗೂ ಯಂತ್ರಕ್ಕೂ ನಡುವೆ ಒಂದು ತಗಡು ಕೊಟ್ಟು ಹಿಡಿಯನ್ನು ಎಡಕ್ಕೆ ಬಾಗಿಸುತ್ತೇವೆ.”

“ತೋಟಾ?”

“ತೋಟಾ ಬಲಕ್ಕೇ.”

ಅಣ್ಣೆರ್ ಬಾತುಕೋಳಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. “ಇದು ಬಲಗೈಗೆ ಎಡಗೈಯ ವೇಷ ಹಾಕಿದ್ದು. ತೋಟಾದ ಕಿಂಡಿಯೇ ಎಡಬದಿಗೆ ಇರುವುದು ತೋರಿಸಿ.”

ಅಂಥದ್ದು ಅಂಗಡಿಯಲ್ಲಿರಲಿಲ್ಲ, ಇಟಲಿಯಿಂದ ತರಿಸಬೇಕು. ಚಿತ್ರಗಳ ಪುಸ್ತಕ ಬಂತು. ಅದರಲ್ಲಿ ಎರಡು ಜಾತಿ. ಒಂದರಲ್ಲಿ ಗುಂಡು ಹಾರುವಾಗ ಹುಟ್ಟುವ ಹೊಗೆಯ ಒತ್ತಡದಿಂದಲೇ ಯಂತ್ರ ಕೆಲಸ ಮಾಡುತ್ತದೆ. ಭುಜಕ್ಕೆ ಒದೆ ಕಡಿಮೆ, ಆದರೆ ಒಳಗೆ ಮಸಿ ಕೂರುತ್ತದೆ, ಆಗಾಗ ಬಿಚ್ಚಿ ಒರೆಸುತ್ತಿರಬೇಕು. ಇನ್ನೊಂದು ಒದೆಯ ಬಲದಿಂದಲೇ ನಡೆಯುವುದು. ಮಸಿ ಕಡಿಮೆ, ಒದೆ ಜಾಸ್ತಿ. ಕಫೀಲರು ಮೊದಲನೆಯದನ್ನೇ ಮೆಚ್ಚಿದರು. ಅಣ್ಣೆರ್ ನನ್ನ ಕಡೆ ಬಾಗಿ ಪಿಸುಗುಟ್ಟಿದರು, “ಬಿಚ್ಚಿ ಒರೆಸುವವರು ಯಾರು? ನೀನು ಮತ್ತೆ ನಾನು. ಮರುಭೂಮಿಯ ಮರಳು ಬೇರೆ. ಒದೆ ಅವರೇ ತಿನ್ನಲಿ.” ಎರಡನೆಯದೇ ನಿಕ್ಕಿಯಾಯಿತು. ಕಫೀಲರ ಭುಜದ ಮೇಲಿನ ಕರುಣೆಯಿಂದ ಹಿಡಿಯ ಹಿಂಬದಿಗೆ ದಪ್ಪ ರಬ್ಬರು ಹಾಕಿಸಲು ಹೇಳಿದರು.

ಹಿಡಿ ಕಫೀಲರ ಮೈಗೆ ಹೊಂದಬೇಕಲ್ಲ, ಆ ಅಳತೆಯ ಕೆಲಸ ಬೇರೆಯೇ ಒಂದು ನಾಟಕ. ಅವರು ಕಣ್ಣು ಮುಚ್ಚಿ ಅಂಗಡಿಯ ಒಂದು ಬಂದೂಕನ್ನು ಭುಜಕ್ಕೆತ್ತಬೇಕು, ಆಮೇಲೆ ಕಣ್ಣು ತೆರೆದರೆ ನಳಿಗೆಯ ತುದಿಯ ಮಣಿ ನೇರ ಕಾಣಬೇಕು. ಆ ಅಂಗಡಿಯವನೇ ಹೇಳಿಕೊಟ್ಟ ಪರೀಕ್ಷೆ ಅದು. ಒಂದೆರಡು ಸಲ ಸಾಕು ಎಂದು ಅವನೂ ಅಂದ. ಅಣ್ಣೆರ್ ಬಿಡಲಿಲ್ಲ. “ಪುನಃ ಒಂದು ಸಲ ಸರ್. ಕಣ್ಣು ಮುಚ್ಚಿ. ಕಳ್ಳಗಣ್ಣು ಬೇಡ.” ಹತ್ತಾರು ಜನರಿಗೆ ಸಂಬಳ ಕೊಡುವ ಮನುಷ್ಯ, ಬಿಳಿ ನಿಲುವಂಗಿಯಲ್ಲಿ, ಮದುವೆಯ ದಿನದ ಹುಡುಗನಂತೆ ಕಣ್ಣು ಮುಚ್ಚಿಕೊಂಡು ನಿಂತರು. ಅಣ್ಣೆರ್ ದರ್ಜಿಯ ಟೇಪು ಹಿಡಿದು ಮೊಣಕೈಯಿಂದ ಬೆರಳಿಗೆ, ಕೆನ್ನೆಯಿಂದ ಭುಜಕ್ಕೆ ಅಳೆದರು. ಹೊಟ್ಟೆಯನ್ನೂ ಅಳೆದರು. ಅಂಗಡಿಯವನು ಹೊಟ್ಟೆ ಯಾಕೆ ಎಂದು ಕೇಳಿದಾಗ, “ಹೊಟ್ಟೆ ಇದ್ದವರು ಹಿಂದಕ್ಕೆ ವಾಲಿ ನಿಲ್ತಾರೆ” ಎಂದರು. ಅವನು ಯೋಚಿಸಿ ತಲೆಯಾಡಿಸಿದ.

ಬಂದೂಕು ಬಂದದ್ದು ಜುಲೈ ಕೊನೆಗೆ. ಕಫೀಲರು ಬೇಸಗೆಗೆ ಸಂಸಾರ ಸಮೇತ ಲಂಡನ್ನಿಗೆ ಹೋಗಿದ್ದರು. ಪರವಾನಗಿಯ ಕಾಗದ ಹಿಡಿದು ಅದನ್ನು ಬಿಡಿಸಿಕೊಂಡ ಅವರ ತಮ್ಮ, ಸ್ಟೋರಿನ ಕಬ್ಬಿಣದ ಕಪಾಟಿನಲ್ಲಿ ಇಡಿಸಿ, “ಬಾಬು ನೋಡಿ ಪಾಸು ಮಾಡಿದ ಮೇಲೆ ಮನೆಗೆ ತಗೊಂಡು ಹೋಗ್ತೇನೆ” ಎಂದು ಹೇಳಿ ಹೋದರು. ಅಣ್ಣೆರ್ ಒಂದೊಂದೇ ಭಾಗ ಬಿಚ್ಚಿ, ಒರೆಸಿ, ಕಿಂಡಿ ಎಡಕ್ಕೇ ಇದೆಯೇ ಎಂದು ದಿನವೂ ನೋಡಿ, ಪಾಸು ಮಾಡುವ ಹೊತ್ತಿಗೆ ಆಗಸ್ಟ್ ಬಂತು. ಆಗಸ್ಟಿನ ಜೊತೆ ಇರಾಕಿನ ಸೈನ್ಯವೂ ಬಂತು.

ಆ ದಿನಗಳ ಬಗ್ಗೆ ಬರೆದವರು ಬಹಳ ಮಂದಿ. ನನಗೆ ನೆನಪಿರುವುದು ಆ ಕಪಾಟು. ಯಾರ ಮನೆಯಲ್ಲಾದರೂ ಆಯುಧ ಸಿಕ್ಕಿದರೆ ಏನಾಗುತ್ತದೆ ಎಂದು ಊರಿಡೀ ಸುದ್ದಿ ಹಬ್ಬಿತ್ತು. ಕಫೀಲರ ತಮ್ಮ ಸೌದಿಗೆ ದಾಟಿದ್ದರು. ಸ್ಟೋರಿನ ಬೀಗದ ಕೈ ಅಣ್ಣೆರ ಸೊಂಟದಲ್ಲಿ.

“ಸಮುದ್ರ ಇಲ್ಲೇ ಉಂಟು. ಹೋಗಿ ಬಿಸಾಡಿ” ಎಂದರು ಅಕ್ಕ.

“ಪಾಸು ಮಾಡಿದ ಮಾಲು ಅದು. ಸಮುದ್ರಕ್ಕೆ ಹಾಕ್ಲಿಕ್ಕೆ ನಾನು ಯಾರು?”

“ನೀವು ಯಾರು ಅಂತ ಆ ಮಿಲಿಟ್ರಿಯವರು ಕೇಳುವಾಗ ಇದನ್ನೇ ಹೇಳಿ!” ಎಂದು ಅಕ್ಕ ಅಡುಗೆಮನೆಗೆ ಹೋಗಿ ಅತ್ತರು.

ಅದನ್ನು ಹೊತ್ತು ಸಮುದ್ರದವರೆಗೆ ಹೋಗುವುದೂ ಆಗುತ್ತಿರಲಿಲ್ಲ, ದಾರಿಯಲ್ಲಿ ತಪಾಸಣೆ. ಕೊನೆಗೆ ಅಣ್ಣೆರ್ ಬಂದೂಕನ್ನು ಮೂರು ಭಾಗ ಮಾಡಿದರು. ನಳಿಗೆಗೆ ಮಣ್ಣಿನಡಿ ಹೂಳುವ ಪೈಪುಗಳಿಗೆ ಸುತ್ತುವಂಥ ಟಾರಿನ ಟೇಪನ್ನು ದಪ್ಪಕ್ಕೆ ಸುತ್ತಿ, ಅಂಥವೇ ಪೈಪುಗಳ ನಡುವೆ ರ‍್ಯಾಕಿನಲ್ಲಿಟ್ಟರು. ಯಂತ್ರದ ಭಾಗವನ್ನು ಗ್ರೀಸಿನಲ್ಲಿ ಮುಳುಗಿಸಿ ಪಂಪಿನ ಬಿಡಿಭಾಗಗಳ ಪೆಟ್ಟಿಗೆಗೆ ಹಾಕಿದರು. ಮರದ ಹಿಡಿಯನ್ನು ಗೋಣಿಯಲ್ಲಿ ಸುತ್ತಿ ಗುದ್ದಲಿ, ಪಿಕ್ಕಾಸುಗಳ ಹಿಡಿಗಳ ರಾಶಿಯೊಳಗೆ ತೂರಿಸಿದರು. ಅದರ ಮೇಲೂ ನಾವು ಕಂಪೆನಿಯ ಹಳೇ ಪಿಕಪ್ಪಿನಲ್ಲಿ ಸ್ಟೋರಿಗೆ ಹೋಗಿ ಕೂರುತ್ತಿದ್ದೆವು. ಕಾವಲಿಲ್ಲದ ಬಾಗಿಲನ್ನು ಸೈನಿಕರು ಒಡೆದು ಎಲ್ಲವನ್ನೂ ಹೊತ್ತೊಯ್ಯುತ್ತಿದ್ದರು.

ಒಂದು ದಿನ ಬೆಳಿಗ್ಗೆ ಒಂದು ಜೀಪು ಬಂದು ನಿಂತಿತು. ಒಬ್ಬ ಜೀಪಿನಲ್ಲೇ ಕೂತ. ಇನ್ನೊಬ್ಬ, ವಯಸ್ಸಾದ, ಮೀಸೆ ನರೆತ ಸಿಪಾಯಿ, ಒಳಗೆ ಬಂದ. ಅವರ ಠಾಣ್ಯದಲ್ಲಿ ನೀರಿನ ಟ್ಯಾಂಕಿನಿಂದ ನಲ್ಲಿಗೆ ಪೈಪು ಒಡೆದಿದೆಯಂತೆ. ಪೈಪು ಬೇಕು. ಅಣ್ಣೆರಿಗೆ ಕೆಲಸಕ್ಕೆ ಬೇಕಾಗುವಷ್ಟು ಅರಬ್ಬಿ ಬರುತ್ತಿತ್ತು. ಅವರು ಎದ್ದು ನಿಂತರು. ಸಿಪಾಯಿ ನೇರ ರ‍್ಯಾಕಿಗೆ ಹೋಗಿ ಟೇಪು ಸುತ್ತಿದ ಪೈಪುಗಳ ಮೇಲೆ ಕೈ ಇಟ್ಟ. ಒಂದು, ಎರಡು ಎಳೆದು ನೋಡಿದ. ಆಮೇಲೆ ಅವನ ಕೈ ಹೋದದ್ದು ಎಲ್ಲಕ್ಕಿಂತ ಗಿಡ್ಡವಾದ, ಸ್ವಲ್ಪ ದಪ್ಪವಾದ ಒಂದರ ಮೇಲೆ.

ಅದು ಬಂದೂಕಿನ ನಳಿಗೆ.

“ಅದು ಬೇಡ” ಎಂದರು ಅಣ್ಣೆರ್.

ಸಿಪಾಯಿ ತಿರುಗಿದ. “ಯಾಕೆ?”

“ಅದು ಮಣ್ಣಿನಡಿ ಹಾಕುವ ಪೈಪು. ನಿಮ್ಮದು ಮಣ್ಣಿನ ಮೇಲೆ ಅಲ್ಲವಾ? ಬಿಸಿಲಿಗೆ ಈ ಟಾರು ಕರಗಿ ನೀರೆಲ್ಲ ವಾಸನೆ ಬರ್ತದೆ. ಟ್ಯಾಂಕು ಎಷ್ಟು ಎತ್ತರದಲ್ಲಿ ಉಂಟು?”

“ಎತ್ತರದಲ್ಲಿದೆ.”

“ಅದೇ, ಎಷ್ಟು? ಕೆಳಗೆ ನಲ್ಲಿ ಎಷ್ಟು? ಎಷ್ಟು ಜನ ನೀರು ಹಿಡಿಯುವುದು?”

ಸಿಪಾಯಿಯ ಕೈ ಇನ್ನೂ ನಳಿಗೆಯ ಮೇಲೇ ಇತ್ತು. ಅವನು ಬಾಯಲ್ಲೇ ಲೆಕ್ಕ ಹಾಕಲು ನೋಡಿದ. ಹೊರಗಿನಿಂದ ಜೀಪಿನವನು ಹಾರನ್ನು ಬಾರಿಸಿದ. ಅಣ್ಣೆರ್ ಇನ್ನೊಂದು ರ‍್ಯಾಕಿನಿಂದ ಒಂದು ಪೈಪು ಎತ್ತಿ, ಇದಾದರೆ ಸಣ್ಣದಾಯಿತು, ಎಂದು ವಾಪಸಿಟ್ಟರು. ಇನ್ನೊಂದು ಎತ್ತಿ, ಇದು ದೊಡ್ಡದು, ನೀರು ಬರುವಾಗ ಸೋಮಾರಿಯಾಗ್ತದೆ, ಎಂದರು. ಸಿಪಾಯಿ ಅವರ ಹಿಂದೆಯೇ ಆ ರ‍್ಯಾಕಿಗೆ ಬಂದ. ಹಾರನ್ ಮತ್ತೆ ಮೊಳಗಿತು.

“ಏನಾದರೂ ಒಂದು ಕೊಡು, ಯಾ ಹಾಜಿ!” ಎಂದ ಸಿಪಾಯಿ, ಅಲ್ಲಿ ಹಿರಿಯರನ್ನು ಕರೆಯುವ ರೀತಿಯಲ್ಲಿ. ಅವನ ದನಿಯಲ್ಲಿದ್ದದ್ದು ಸಿಟ್ಟಲ್ಲ, ಬೇಡಿಕೆ.

“ಏನಾದರೂ ಒಂದು ಕೊಟ್ಟರೆ ನಾಳೆ ಸೋರ್ತದೆ. ಆಗ ಬೈಗುಳ ಯಾರಿಗೆ? ನಿಮಗೆ. ಒಂದು ಹಗ್ಗ ಕೊಡ್ತೇನೆ. ಅದರಲ್ಲಿ ಅಳತೆ ತಗೊಂಡು ಬನ್ನಿ.”

ಆ ಮನುಷ್ಯ ಹಗ್ಗ ತೆಗೆದುಕೊಂಡು ಹೋದ. ಜೀಪು ಮರೆಯಾದ ಮೇಲೆ ನಾನು ಬಾಗಿಲು ಎಳೆದುಕೊಂಡೆ. “ಅಣ್ಣೆರೇ, ಹೋಗುವವನನ್ನು ಪುನಃ ಬರ್ಲಿಕ್ಕೆ ಹೇಳಿದ್ದು ಯಾಕೆ? ಕೈಗೆ ಸಿಕ್ಕಿದ ಪೈಪು ಕೊಟ್ಟು ಕಳಿಸ್ಲಿಕ್ಕೆ ಆಗ್ತಿರಲಿಲ್ವಾ?”

“ಅಳತೆ ಇಲ್ಲದೆ ಹೇಗೆ ಕೊಡುವುದು ಮಾರಾಯ?” ಎಂದು ಅವರು ಫ್ಲಾಸ್ಕಿನಿಂದ ಚಹಾ ಸುರಿಯಲು ಹೊರಟರು. ಚಹಾ ಕಪ್ಪಿಗೆ ಬೀಳದೆ ಮೇಜಿಗೆ ಬಿತ್ತು. ನಾನು ಫ್ಲಾಸ್ಕು ತೆಗೆದುಕೊಂಡು ಸುರಿದುಕೊಟ್ಟೆ. ಅವರು ಎರಡೂ ಕೈಯಲ್ಲಿ ಕಪ್ಪು ಹಿಡಿದು ಕುಡಿದರು.

ಮರುದಿನ ಸಿಪಾಯಿ ಹಗ್ಗದಲ್ಲಿ ಗಂಟು ಹಾಕಿಕೊಂಡು ನಿಜವಾಗಿಯೂ ಬಂದ. ಅಣ್ಣೆರ್ ಅಳೆದು, ಪೈಪು ಕತ್ತರಿಸಿ, ಎರಡು ತುದಿಗೂ ತಿರುಪಿನ ಮರೆ ಕೊರೆದು, ಜೋಡಿಸುವುದು ಹೇಗೆಂದು ಹೇಳಿಕೊಟ್ಟು ಕಳಿಸಿದರು. ಅವನು ಮತ್ತೆ ಬರಲಿಲ್ಲ. ಸೋರಲಿಲ್ಲ ಎಂದು ಅಣ್ಣೆರ್ ತೀರ್ಮಾನ ಮಾಡಿದರು.

ಸೆಪ್ಟೆಂಬರಿನಲ್ಲಿ ನಾವೂ ಎಲ್ಲರ ಹಾಗೆ ಬಸ್ಸು ಹತ್ತಿದೆವು. ಬಸ್ರಾ, ಬಾಗ್ದಾದು, ಅಲ್ಲಿಂದ ಜೋರ್ಡಾನಿನ ಗಡಿಯ ಡೇರೆಗಳು. ಡೇರೆಯಲ್ಲಿ ಕಂಬಳಿ ಹಂಚುವಾಗ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರೆ, ಅಣ್ಣೆರ್ ತಮಗೆ ಸಿಕ್ಕಿದ್ದನ್ನು ಬೆಳಕಿಗೆ ಹಿಡಿದು ನೇಯ್ಗೆ ನೋಡುತ್ತಿದ್ದರು. ಅಷ್ಟರಲ್ಲಿ ಅದನ್ನೂ ಯಾರೋ ಎಳೆದುಕೊಂಡು ಹೋದರು. ಆ ರಾತ್ರಿಗಳಲ್ಲಿ ಅಕ್ಕ, ಮಗಳು ಅಕ್ಕನಿಗೆ ಸಿಕ್ಕಿದ್ದ ಒಂದೇ ಕಂಬಳಿಯಲ್ಲಿ. ಅಣ್ಣೆರ್ ಮತ್ತು ನಾನು ಅಕ್ಕನ ಎರಡು ಸೀರೆಗಳಲ್ಲಿ. ಬೊಂಬಾಯಿಯಲ್ಲಿ ವಿಮಾನ ಇಳಿದಾಗ ನಾನು ನೆಲ ಮುಟ್ಟಿ ನಮಸ್ಕರಿಸಿದೆ. ಅಣ್ಣೆರ್ ಹಿಂತಿರುಗಿ ವಿಮಾನವನ್ನೊಮ್ಮೆ ನೋಡಿ, “ರ‍್ಯಾಕಿನ ಕೆಳಗೆ ನೀರು ನಿಲ್ಲದಿದ್ರೆ ಸಾಕು” ಎಂದರು.

ಮರುವರ್ಷ, ಕುವೈತು ಬಿಡುಗಡೆಯಾಗಿ ಕೆಲವು ತಿಂಗಳಾದ ಮೇಲೆ, ಕಫೀಲರು ಹಳಬರನ್ನು ಮತ್ತೆ ಕರೆಸಿಕೊಂಡರು. ಅಕ್ಕ, ಮಗಳು ಊರಲ್ಲೇ ಉಳಿದರು. ಅಹ್ಮದಿಯ ಸುತ್ತ ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು, ಹಗಲಿನಲ್ಲೇ ಗಾಡಿಗಳು ದೀಪ ಹಾಕಿಕೊಂಡು ಓಡುತ್ತಿದ್ದವು. ಬಿಳಿ ಅಂಗಿ ಎನ್ನುವುದು ಯಾರ ಮೈಮೇಲೂ ಇರಲಿಲ್ಲ. ನಮ್ಮ ಸ್ಟೋರಿಗೆ ಬಾಗಿಲಿರಲಿಲ್ಲ, ಅರ್ಧ ಚಾವಣಿಯೂ ಇರಲಿಲ್ಲ. ಅಣ್ಣೆರ್ ನೇರ ರ‍್ಯಾಕಿಗೆ ಹೋದರು. ಟಾರು ಸುತ್ತಿದ ಪೈಪುಗಳು ಯಾರಿಗೂ ಬೇಡವಾಗಿ ಅಲ್ಲೇ ಬಿದ್ದಿದ್ದವು. ಗಿಡ್ಡದೂ ಇತ್ತು. ಪಂಪಿನ ಪೆಟ್ಟಿಗೆಯೊಳಗೆ ಗ್ರೀಸಿನ ಮುದ್ದೆಯೂ ಇತ್ತು. ಗುದ್ದಲಿ ಹಿಡಿಗಳ ಜಾಗದಲ್ಲಿ ಮಾತ್ರ ಬೂದಿ. ಚಳಿಗಾಲದಲ್ಲಿ ಸೈನಿಕರು ಅವನ್ನೆಲ್ಲ ಒಲೆಗೆ ಹಾಕಿದ್ದರು. ಇಟಲಿಯ ಅಕ್ರೋಟು ಮರದ, ಎಡಗೈಯ ಹಿಡಿಯೂ ಯಾರದೋ ಚಹಾ ಕಾಯಿಸಿತ್ತು.

ಕಫೀಲರು ಬಂದರು. ನನಗೆ ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಅವರು ಅರ್ಧಕ್ಕರ್ಧ ಇಳಿದುಹೋಗಿದ್ದರು, ಹೊಟ್ಟೆಯೇ ಇರಲಿಲ್ಲ. ನಳಿಗೆಯನ್ನೂ ಯಂತ್ರವನ್ನೂ ಕೈಗಿತ್ತಾಗ ಅವರು ಅಣ್ಣೆರನ್ನು ಅಪ್ಪಿಕೊಂಡು, ಎರಡೂ ಕೆನ್ನೆಗೆ ಮುತ್ತಿಟ್ಟರು. ಅಣ್ಣೆರ್ ಮುಜುಗರದಿಂದ ಬಿಡಿಸಿಕೊಂಡು, “ಸರ್, ನೀವು ಬಹಳ ಸೊರಗಿದ್ದೀರಿ. ಹಿಡಿ ಸುಟ್ಟುಹೋದದ್ದೇ ಒಳ್ಳೇದಾಯ್ತು. ಆ ಅಳತೆ ಈಗ ಆಗ್ತಿರಲಿಲ್ಲ” ಎಂದರು.

ಹೊಸ ಹಿಡಿ ಇಟಲಿಯಿಂದ ಬರುವ ಕಾಲ ಅದಲ್ಲ. ಕಫೀಲರ ಮನೆಯನ್ನು ಪೂರ್ತಿ ದೋಚಿದ್ದರು. ಉಳಿದದ್ದು ಅವರ ಅಜ್ಜನ ಕಾಲದ ಒಂದು ಊಟದ ಮೇಜು. ನಮ್ಮ ಕರಾವಳಿಯಿಂದ ಹಾಯಿಹಡಗಿನಲ್ಲಿ ಬಂದ ಸಾಗುವಾನಿಯದು, ಹೊರಲಾಗದಷ್ಟು ಭಾರ ಎಂದೇ ಉಳಿದಿತ್ತು. ಒಂದು ಕಾಲನ್ನು ಮಾತ್ರ ಯಾರೋ ಮುರಿದು ಎಸೆದಿದ್ದರು. ಆ ಕಾಲು ಹಿಡಿದುಕೊಂಡು ಅಣ್ಣೆರ್ ರಿಗ್ಗೈ ಬಡಾವಣೆಯಲ್ಲಿದ್ದ ಕಾರ್ಕಳ ಕಡೆಯ ಒಬ್ಬ ಆಚಾರಿಯ ಹತ್ತಿರ ಹೋದರು. ದರ್ಜಿಯ ಟೇಪು ಮತ್ತೆ ಹೊರಬಂತು. ಕಫೀಲರು ಮತ್ತೆ ಕಣ್ಣು ಮುಚ್ಚಿ ನಿಂತರು. ಆಚಾರಿ ಕೆತ್ತಿದ, ಅಣ್ಣೆರ್ ಬೇಡ ಅಂದರು. ಉಜ್ಜಿದ, ಬೇಡ ಅಂದರು. “ಅಣ್ಣೆರೇ, ಇಷ್ಟು ಹೊತ್ತಿಗೆ ನಾನು ಒಂದು ದೇವರ ಪಲ್ಲಕ್ಕಿ ಮುಗಿಸ್ತಿದ್ದೆ” ಎಂದು ಆಚಾರಿ ಉಳಿ ಕೆಳಗಿಟ್ಟ ಮೇಲೆಯೇ ಹಿಡಿ ಪಾಸಾದದ್ದು.

ಕೊನೆಯ ಬಾವಿಯ ಬೆಂಕಿಯೂ ಆರಿ, ಆಕಾಶ ತಿಳಿಯಾದ ಮೇಲೆ, ಹಕ್ಕಿಗಳು ಬರುತ್ತಿವೆ ಎಂಬ ಸುದ್ದಿ ಬಂತು. ಮರುಭೂಮಿಯಲ್ಲಿ ಎಲ್ಲಿ ನೋಡಿದರೂ ಹೂತಿಟ್ಟ ಸಿಡಿಗುಂಡುಗಳು. ಕಫೀಲರ ತೋಟದ ಹಿಂದಿನ ಒಂದು ತುಂಡು ಜಾಗವನ್ನು ಮಾತ್ರ ಪರೀಕ್ಷೆ ಮಾಡಿ ಸರಿಯಿದೆ ಎಂದಿದ್ದರು. ಒಂದು ಬೆಳಿಗ್ಗೆ ಅವರು ಗೆಳೆಯರಲ್ಲಿ ಯಾರಿಗೂ ಹೇಳದೆ ನಮ್ಮಿಬ್ಬರನ್ನು ಮಾತ್ರ ಕರೆದುಕೊಂಡು ಹೋದರು. ಅಣ್ಣೆರ್ ಗಾಡಿಯ ಚಕ್ರ ಹೋದ ಗುರುತಿನ ಮೇಲೆಯೇ ಹೆಜ್ಜೆ ಇಟ್ಟು ನಡೆದರು, ನಾನು ಅವರ ಹೆಜ್ಜೆಯ ಮೇಲೆ.

ಬೆಳವಗಳ ಒಂದು ಸಣ್ಣ ಗುಂಪು ಖರ್ಜೂರದ ಮರಗಳ ಮೇಲಿಂದ ಎದ್ದಿತು. ಕಫೀಲರು ಬಂದೂಕನ್ನು ಎಡ ಭುಜಕ್ಕೆತ್ತಿದರು. ಎಷ್ಟು ಚೆನ್ನಾಗಿ ಕೂತಿತೆಂದರೆ, ಆ ಹಿಡಿ ಅವರ ಮೈಯಿಂದಲೇ ಬೆಳೆದು ಬಂದ ಹಾಗಿತ್ತು. ಮೊದಲ ಗುಂಡು ಹಾರಿತು. ಖಾಲಿ ತೋಟಾ ಎಡಕ್ಕೆ, ಮುಖದಿಂದ ದೂರ, ಮರಳಿನ ಮೇಲೆ ಬಿತ್ತು. ಹಕ್ಕಿ ಬೀಳಲಿಲ್ಲ. ಎರಡನೆಯದು. ತೋಟಾ ಮೊದಲನೆಯದರ ಪಕ್ಕದಲ್ಲೇ ಬಿತ್ತು. ಹಕ್ಕಿಗಳು ಹಾಗೇ ಹೋಗುತ್ತಿದ್ದವು. ಮೂರನೆಯದು. ಬೆಳವಗಳು ಸೌದಿಯ ಕಡೆಗೆ ಹೋಗಿ ಚುಕ್ಕಿಗಳಾದವು.

ಕಫೀಲರು ಬಂದೂಕನ್ನು ನಿಧಾನಕ್ಕೆ ಇಳಿಸಿದರು. ಹೊಗೆಯಿಲ್ಲ, ಮಸಿಯಿಲ್ಲ, ಕಣ್ಣಿಗೆ ಅಡ್ಡ ಏನೂ ಬರಲಿಲ್ಲ. ಎಲ್ಲ ಸರಿಯಿತ್ತು. ಅವರ ಮುಖ ನೋಡಲಾಗದೆ ನಾನು ಖರ್ಜೂರದ ಮರ ನೋಡಿದೆ. ಮೂವತ್ತು ವರ್ಷ ಹೇಳಿಕೊಂಡು ಬಂದ ಕಾರಣವನ್ನು ಯಾರೋ ಕೈಯಿಂದ ಕಿತ್ತುಕೊಂಡ ಹಾಗೆ ಅವರು ನಿಂತಿದ್ದರು.

“ಬಾಬು” ಎಂದರು ಕೊನೆಗೆ, “ಏನು ತಪ್ಪಾಯಿತು?”

ಅಣ್ಣೆರ್ ಬಂದೂಕನ್ನು ಕೈಗೆ ತೆಗೆದುಕೊಂಡರು. ಅಂಗಡಿಗಳಲ್ಲಿ, ಸ್ಟೋರಿನಲ್ಲಿ ನಾನು ನೋಡಿದ ಅದೇ ನೋಟದಿಂದ ತುದಿಯಿಂದ ತುದಿಯವರೆಗೆ ನೋಡಿದರು. ಹಿಡಿಯ ಮೇಲೆ ಹೆಬ್ಬೆರಳು ಒತ್ತಿ ಉಜ್ಜಿದರು. ಆಮೇಲೆ, ಜೀವಮಾನದಲ್ಲಿ ತಾನು ಪಾಸು ಮಾಡಿದ ಒಂದು ವಸ್ತುವಿನ ಬಗ್ಗೆಯೂ ಅರೆ ಮಾತು ಕೇಳಿಸಿಕೊಳ್ಳದ ಮನುಷ್ಯ, ತಲೆ ತಗ್ಗಿಸಿ ಹೇಳಿದರು:

“ಹಿಡಿ ಹೊಸತು ಸರ್. ಮರ ಇನ್ನೂ ಹಸಿ. ಗುಂಡು ಹಾರುವಾಗ ಒಂದು ಚೂರು ಅಲುಗ್ತದೆ. ನಾನು ಪಾಸು ಮಾಡಬಾರದಿತ್ತು. ತಪ್ಪು ನನ್ನದು.”

ಕಫೀಲರ ಮುಖಕ್ಕೆ ನಿಧಾನವಾಗಿ ಕಳೆ ಬಂತು. “ಅಲುಗಿತು” ಎಂದರು. “ಹೌದು, ನನಗೂ ಗೊತ್ತಾಯಿತು. ಮೂರು ಸಲವೂ ಅಲುಗಿತು.” ಅಣ್ಣೆರ ಬೆನ್ನು ತಟ್ಟಿ, “ಮಾಫಿ ಮುಷ್ಕಿಲ್ ಬಾಬು, ಏನೂ ತೊಂದರೆ ಇಲ್ಲ. ಎಲ್ಲರಿಗೂ ಒಂದೊಂದು ಸಲ ತಪ್ಪಾಗುತ್ತದೆ. ಯಲ್ಲಾ, ಚಹಾ ಕುಡಿಯೋಣ” ಎಂದು ಮುಂದೆ ನಡೆದರು. ನಡಿಗೆಯಲ್ಲಿ ಹಳೆಯ ಗತ್ತು ಬಂದಿತ್ತು.

ನಾನು ಅಣ್ಣೆರ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. “ಅದು ಅವರ ಅಜ್ಜನ ಕಾಲದ ಸಾಗುವಾನಿ ಅಲ್ವಾ? ಅದರಲ್ಲಿ ಎಂಥ ಹಸಿ?”

ಅಣ್ಣೆರ್ ಬಗ್ಗಿ ಖಾಲಿ ತೋಟಾಗಳನ್ನು ಹೆಕ್ಕಿ ಕಿಸೆಗೆ ಹಾಕಿಕೊಂಡರು.

“ಸುಮ್ಮನಿರು ಮಾರಾಯ” ಎಂದರು. “ಒಣಗ್ಲಿಕ್ಕೆ ಇನ್ನೂ ಒಂದು ವರ್ಷ ಬೇಕು.”